ಮುಟ್ಟಿ ನೋಡಿ ಹರಿಗೋಲು ಹತ್ತಿದವರು

“ಗುರುಗಳೇ, ಔಷಧಿಯ ಬಲದಿಂದ ಕುಡಿಯದೆ ಇರುವವನನ್ನು ಕುಡಿತ ಬಿಟ್ಟವನು ಎನ್ನಬಹುದೇ?”

ಬೆಳಗಿನ ಪೂಜೆ ಮುಗಿದು ಗುರುಗಳು ಮಠದ ಕಟ್ಟೆಯ ಮೇಲೆ ಬಂದು ಕೂತಾಗ ಶಿಷ್ಯ ಮರುಳಯ್ಯ ಹೀಗೆ ಕೇಳಿದ. ಅವನ ಅಣ್ಣನ ಕಾಗದ ಬಂದು ಮೂರು ದಿನವಾಗಿತ್ತು. ಅಣ್ಣ ಹದಿನೈದು ವರ್ಷ ಕುಡಿದವನು. ಈಗ ವೈದ್ಯರು ಅವನ ಹೊಟ್ಟೆಯ ಚರ್ಮದ ಕೆಳಗೆ ಒಂದು ಗುಳಿಗೆ ಇಟ್ಟು ಹೊಲಿದಿದ್ದರು. ಅದು ಒಳಗೇ ಸ್ವಲ್ಪಸ್ವಲ್ಪವಾಗಿ ಕರಗುತ್ತ ಕುಡಿಯುವ ಆಸೆಯನ್ನು ತಗ್ಗಿಸುತ್ತದಂತೆ. ನಾಲ್ಕು ತಿಂಗಳಿಂದ ತೊಟ್ಟೂ ಮುಟ್ಟಿಲ್ಲ, ನಿನ್ನನ್ನು ನೋಡಲು ಮಠಕ್ಕೆ ಬರಲೇ ಎಂದು ಅಣ್ಣ ಬರೆದಿದ್ದ. ಮರುಳಯ್ಯ ಉತ್ತರ ಬರೆದಿರಲಿಲ್ಲ.

“ಸ್ವಂತ ಬಲದಿಂದ ನಿಂತಿದ್ದರೆ ನಾನೇ ಹೋಗಿ ಕರೆತರುತ್ತಿದ್ದೆ. ಗುಳಿಗೆ ಕರಗಿದ ಮೇಲೆ ಅವನಲ್ಲಿ ಉಳಿಯುವುದೇನು?” ಎಂದ.

ಗುರುಗಳು ಪಕ್ಕದಲ್ಲಿ ಕೂತುಕೋ ಎಂದು ಕೈಸನ್ನೆ ಮಾಡಿ ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ನಡೆಸುವುದು ಅವನ ಮನೆತನದ ಕಸುಬು. ಹರಿಗೋಲೆಂದರೆ ಚರ್ಮ ಹೊದಿಸಿದ ದೊಡ್ಡ ಬಿದಿರಿನ ಬುಟ್ಟಿ. ಅದಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಹುಟ್ಟು ಹಾಕುವವನ ಕೈ ಒಂದಿಷ್ಟು ಸಡಿಲವಾದರೂ ಸಾಕು, ನಡುಹೊಳೆಯಲ್ಲಿ ಬುಗುರಿಯ ಹಾಗೆ ತಿರುಗಿಬಿಡುತ್ತದೆ. ಆದ್ದರಿಂದ ಯಾರು ಎಲ್ಲಿ ಕೂರಬೇಕೆಂದು ಹೇಳುವವನು ಅಂಬಿಗ. ಊರ ಗೌಡನಾದರೂ ಅವನು ತೋರಿಸಿದ ಜಾಗದಲ್ಲೇ ಕೂರಬೇಕು.

ಈ ಅಂಬಿಗ ಕುಡಿಯುತ್ತಿದ್ದ. ಮೊದಲು ಸಂಜೆಗೆ, ಆಮೇಲೆ ಮಧ್ಯಾಹ್ನಕ್ಕೆ, ಕೊನೆಗೆ ಬಾಯಿ ತೊಳೆಯುವ ಹೊತ್ತಿಗೇ ಶುರುವಾಯಿತು. ಒಂದು ದಿನ ಬಾಣಂತಿಯೊಬ್ಬಳು ಹಸುಗೂಸನ್ನು ಎತ್ತಿಕೊಂಡು ಹತ್ತಿದ್ದಳು. ಸೆಳವಿನಲ್ಲಿ ಅವನ ಕೈ ತಪ್ಪಿತು. ಹರಿಗೋಲು ಗಿರಗಿರನೆ ತಿರುಗುತ್ತ ಕೆಳಗಿನ ಬಂಡೆಗಳ ತನಕ ಹೋಯಿತು. ಭಗವಂತ ದೊಡ್ಡವನು, ಯಾರ ಜೀವವೂ ಹೋಗಲಿಲ್ಲ. ಆದರೆ ಆ ತಾಯಿ ಕೂಗಿದ ಕೂಗನ್ನು ಎರಡೂ ದಡದವರು ಕೇಳಿದರು. ಮಾರನೆಯ ದಿನದಿಂದ ಜನ ಎರಡು ಹರದಾರಿ ಸುತ್ತಿ ಸೇತುವೆಯ ಮೇಲೆ ಹೋಗತೊಡಗಿದರು.

ಹೆಂಡತಿ ಅವನ ಕೈ ಹಿಡಿದು ಆಚೆ ದಡದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಕೆಲವು ದಿನ ಇರಿಸಿಕೊಂಡು, ಮೈಯೊಳಗಿನ ಅಮಲು ಪೂರ್ತಿ ಇಳಿದ ಮೇಲೆ, ವೈದ್ಯರು ಹೊಕ್ಕುಳಿನ ಬಲಗಡೆ ಚರ್ಮದ ಕೆಳಗೆ ಗುಳಿಗೆ ಇಟ್ಟರು.

“ಇದು ಹೆಚ್ಚೆಂದರೆ ಆರು ತಿಂಗಳು ಇರುತ್ತದೆ. ನಿನ್ನ ಆಸೆಯನ್ನು ಹಿಡಿದಿಡುತ್ತದೆ, ಕೊಲ್ಲುವುದಿಲ್ಲ. ತಿಂಗಳಿಗೊಮ್ಮೆ ಬಂದು ಕೂತು ಮಾತಾಡಿ ಹೋಗು. ಕರಗಿದ ಮೇಲೆ ಬಾ, ಬೇಕಿದ್ದರೆ ಇನ್ನೊಂದು ಇಡೋಣ,” ಎಂದರು.

ಅಂಬಿಗ ಬಂದು ಗಂಗಮ್ಮನಿಗೆ ಕೈಮುಗಿದು ಹರಿಗೋಲನ್ನು ನೀರಿಗೆ ಇಳಿಸಿದ. ಯಾರೂ ಹತ್ತಲಿಲ್ಲ. ಆಚೆ ದಡದ ಶಾಲೆಗೆ ಹೋಗುವ ಮೇಷ್ಟ್ರು ಮಾತ್ರ ಹತ್ತಿರ ಬಂದರು.

“ಗುಳಿಗೆ ಇಟ್ಟಿದ್ದಾರೆ ಅಂತೀಯ. ನಾವು ನಂಬೋದು ಹೇಗಪ್ಪಾ?”

“ಮುಟ್ಟಿ ನೋಡಿ ಮೇಷ್ಟ್ರೇ.”

ಮೇಷ್ಟ್ರು ಅಂಗಿಯ ಮೇಲಿಂದಲೇ ಬೆರಳಿಟ್ಟು ಒತ್ತಿದರು. ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ತಲೆಯಾಡಿಸಿ ಹತ್ತಿ ಕೂತರು. ಅವರ ಹಿಂದಿದ್ದವರೂ ಒಬ್ಬೊಬ್ಬರಾಗಿ ಒತ್ತಿ ಹತ್ತಿದರು. ಅಂದಿನಿಂದ ಹೊಳೆ ದಾಟುವ ಆ ಕಡವಿನಲ್ಲಿ ಅದೇ ಪದ್ಧತಿಯಾಯಿತು. ದಿನದ ಮೊದಲ ಸರದಿಯವರು ಅಂಬಿಗನ ಹೊಟ್ಟೆ ಮುಟ್ಟಿ ನೋಡುವರು, ಆಮೇಲೆ ಕಾಲಿಡುವರು.

ಮಡಿಕೆ ಮಾರುವ ಒಬ್ಬ ಮುದುಕಿ ಮಾತ್ರ ಮುಟ್ಟುತ್ತಿರಲಿಲ್ಲ. “ನೀನೂ ನೋಡಜ್ಜೀ” ಎಂದರೆ, “ನನ್ನ ಮಡಿಕೇನ ಬಡಿದು ನೋಡೋರನ್ನು ನೋಡೀನೋಡೀ ಸಾಕಾಗಿದೆ. ಬಡಿದೂ ಬಡಿದೂ ಬಿರುಕು ಬಿಡಿಸ್ತಾರೆ, ಆಮೇಲೆ ಬಿರುಕಿದೆ ಅಂತಾರೆ” ಎನ್ನುವಳು.

ಅಂಬಿಗ ಕುಡಿಯಲಿಲ್ಲ. ಅನ್ನ ರುಚಿಸಿತು, ಹುಟ್ಟು ಹಿಡಿದ ಕೈ ನಿಂತಿತು. ಆದರೆ ನೆಮ್ಮದಿ ಇರಲಿಲ್ಲ. ಬೆಳಿಗ್ಗೆ ಎದ್ದವನೇ ಮೊದಲು ಹೊಕ್ಕುಳಿನ ಪಕ್ಕ ಬೆರಳಿಟ್ಟು ನೋಡಿಕೊಳ್ಳುವನು. ಮೂರು ತಿಂಗಳಿಗೆ ಹುಣಸೆಬೀಜ ಕಡಲೆಕಾಳಾಯಿತು. ಕಡವಿನಲ್ಲಿ ಅದೇ ಮಾತು.

“ನಿನ್ನೆಗಿಂತ ಸಣ್ಣದಾಗಿದೆ.”

“ಇಲ್ಲ, ಉಂಡು ಬಂದಿದ್ದಾನೆ. ಹೊಟ್ಟೆ ಮುಂದೆ ಬಂದಿದೆ, ಅಷ್ಟೇ.”

ನಗುವರು, ಆದರೆ ಹರಿಗೋಲಿನ ಅಂಚನ್ನು ಮಾತ್ರ ಬಿಗಿಯಾಗಿ ಹಿಡಿದು ಕೂರುವರು. ಕಾಳು ಸಣ್ಣದಾದ ಹಾಗೆ ಹತ್ತುವವರೂ ಕಡಿಮೆಯಾದರು.

ಐದನೆಯ ತಿಂಗಳು ಮುಗಿಯುವಾಗ ಮೇಷ್ಟ್ರು, “ಹೆದರಬೇಡ. ಇದು ಕರಗಿದ ಮೇಲೂ ಕುಡಿಯದೆ ನಿಂತೆಯಾ, ಆಗ ನಿನ್ನನ್ನು ಗಂಡಸು ಅಂತೀವಿ. ಇನ್ನೊಂದು ಇಡಿಸಿಕೊಂಡೆಯಾ, ಆಗ ಈ ಆರು ತಿಂಗಳೂ ನೀರಿನಲ್ಲಿ ಹೋಮ ಮಾಡಿದ ಹಾಗೆ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅಂಬಿಗನ ಎದೆಯಲ್ಲಿ ಆ ಮಾತು ಮುಳ್ಳಿನಂತೆ ಉಳಿಯಿತು. ಆ ತಿಂಗಳು ಅವನು ಆಸ್ಪತ್ರೆಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಬೆರಳಿಗೆ ಏನೂ ಸಿಗಲಿಲ್ಲ. ಅಂಗಾತ ಮಲಗಿ ನೋಡಿದ, ಎದ್ದು ಕೂತು ನೋಡಿದ, ಉಸಿರು ಬಿಗಿಹಿಡಿದು ನೋಡಿದ. ಚರ್ಮದ ಕೆಳಗೆ ಚರ್ಮವೇ ಇತ್ತು. ಇಲ್ಲವೆಂದು ಹೇಳಿದರೆ ಯಾರೂ ಹತ್ತುವುದಿಲ್ಲ. ಇನ್ನೊಂದು ಇಡಿಸಿಕೊಂಡರೆ ಗಂಡಸಲ್ಲ. ಕೂತು ಯೋಚಿಸಿದ. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಹುಣಸೆಬೀಜ ತೆಗೆದುಕೊಂಡ. ಅದು ತೀರಾ ದೊಡ್ಡದೆನ್ನಿಸಿ ಕಲ್ಲಿನ ಮೇಲೆ ತೇದು ಸಣ್ಣದು ಮಾಡಿದ. ಚಿಂದಿಯಲ್ಲಿ ಸುತ್ತಿ ಉಡಿದಾರಕ್ಕೆ ಕಟ್ಟಿ, ಮೇಲೆ ಅಂಗಿ ಇಳಿಬಿಟ್ಟ.

ಜನ ಒತ್ತಿ ನೋಡಿದರು. ಸಿಕ್ಕಿತು. ಹತ್ತಿದರು.

ಅಂದಿನಿಂದ ಅವನ ಸಂಕಟ ಹೇಳತೀರದು. ಮನೆಗೂ ಕಡವಿಗೂ ನಡುವೆ ಸಾರಾಯಿ ಅಂಗಡಿಯಿತ್ತು. ಆರು ತಿಂಗಳು ಅದು ಬರಿಯ ಗೋಡೆಯ ಹಾಗೆ ಕಂಡಿತ್ತು. ಈಗ ದೂರದಿಂದಲೇ ಮೂಗಿಗೆ ಬಡಿಯಿತು, ಬಾಯಲ್ಲಿ ನೀರೂರಿತು. ಜಾಲಿಯ ಪೊದೆಗಳ ನಡುವೆ ಸುತ್ತಿಕೊಂಡು ಹೋದ. ಕಾಲಿಗೆ ಮುಳ್ಳು ಚುಚ್ಚಿದವು, ಚುಚ್ಚಲಿ ಎಂದುಕೊಂಡ. ಹರಿಗೋಲಿನಲ್ಲಿ ಹನ್ನೆರಡು ಜನ ನಿಶ್ಚಿಂತೆಯಿಂದ ಮಾತಾಡಿಕೊಂಡು ಕೂತಿರುವರು. ಒಂದು ಹುಣಸೆಬೀಜವನ್ನು ನಂಬಿ ಕೂತಿದ್ದಾರಲ್ಲ ಎಂದು ಅವನು ನೆನೆಯುವನು. “ಗಂಗವ್ವಾ, ಈ ಒಂದು ಸಲ ದಾಟಿಸು,” ಎಂದು ಒಳಗೇ ಬೇಡುವನು. ದಾಟಿದ ಮೇಲೆ ಮತ್ತೆ ಅದೇ ಮಾತು. ಎಂಟು ದಿನ ಹೀಗೆ ಕಳೆದವು. ಎಂಟೂ ದಿನ ಅವನು ಕುಡಿಯಲಿಲ್ಲ. ಅದು ಯಾರಿಗೂ ಗೊತ್ತಿಲ್ಲದ ವ್ರತ.

ಒಂಬತ್ತನೆಯ ದಿನ ನಡುಮಧ್ಯಾಹ್ನ ಅವನ ಕಾಲು ತಾನಾಗಿಯೇ ಅಂಗಡಿಯ ದಾರಿ ಹಿಡಿಯಿತು. ನಾಲ್ಕು ಹೆಜ್ಜೆ ಹೋಗಿದ್ದ. ಅಷ್ಟರಲ್ಲಿ ಹಿಂದಿನಿಂದ ಮುದುಕಿ ಕೂಗಿದಳು.

“ಎಲ್ಲಿಗೆ ಹೊರಟೆ ಮಗಾ? ನನ್ನನ್ನು ಆಚೆಗೆ ಬಿಡು ಬಾ.”

ಅವಳ ತಲೆಯ ಮೇಲೆ ಒಂದು ಮಡಿಕೆಯೂ ಇರಲಿಲ್ಲ. ಅಂಬಿಗನಿಗೆ ಅದೂ ಹೊಳೆಯಲಿಲ್ಲ. ಹಿಂತಿರುಗಿ ಬಂದು ಹರಿಗೋಲು ತಳ್ಳಿದ. ಅವಳೊಬ್ಬಳೇ ಕೂತಿದ್ದಳು. ನಡುಹೊಳೆ ಬಂದಾಗ ಅವನಿಗೆ ತಡೆಯಲಾಗಲಿಲ್ಲ.

“ಅಜ್ಜೀ, ಎಲ್ಲರೂ ಮುಟ್ಟಿ ನೋಡ್ತಾರೆ. ನೀನು ಒಂದು ದಿನವೂ ನೋಡಲಿಲ್ಲ. ಒಳಗೆ ಏನೂ ಇಲ್ಲ ಕಣಜ್ಜೀ. ಇದು ಹುಣಸೆಬೀಜ.”

“ಗೊತ್ತು.”

“ಹೇಗೆ?”

“ಆರು ತಿಂಗಳು ನೀನು ಮೇಷ್ಟ್ರ ಬೆರಳನ್ನು ಬಲಗಡೆ ಇಡಿಸ್ತಿದ್ದೆ. ಮೊನ್ನೆ ಎಡಗಡೆ ಇಡಿಸಿದೆ. ನಿನ್ನೆ ಹೆಚ್ಚೂಕಡಿಮೆ ಬೆನ್ನಿಗೇ ಹೋಗಿತ್ತು. ನಿನ್ನ ಗುಳಿಗೆ ಪ್ರದಕ್ಷಿಣೆ ಹಾಕ್ತಿದೆಯಾ ಅಂದುಕೊಂಡೆ.”

ಹುಟ್ಟು ಹಾಕುವಾಗ ನಡು ಆಡಿ ಉಡಿದಾರ ಜರುಗಿತ್ತು. ಅಂಬಿಗನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಹುಟ್ಟು ನಿಂತು ಹರಿಗೋಲು ಮೆಲ್ಲಗೆ ತಿರುಗತೊಡಗಿತು.

“ಗೊತ್ತಿದ್ದೂ ಯಾಕೆ ಹತ್ತಿದೆ? ನಾನು ಈಗ ಎಲ್ಲಿಗೆ ಹೊರಟಿದ್ದೆ ಅಂತ ನಿನಗೆ ಗೊತ್ತಾ?”

“ಅದೂ ಗೊತ್ತು. ಅದಕ್ಕೇ ಕರೆದೆ. ಆಸ್ಪತ್ರೆ ಇರೋದು ಆಚೆ ದಡದಲ್ಲಿ, ನನಗೆ ಈಜು ಬರಲ್ಲ. ಹುಟ್ಟು ಹಾಕು, ಇಬ್ಬರೂ ಹೋಗೋಣ.”

ಅವನು ಕಣ್ಣೊರೆಸಿಕೊಂಡು ಹುಟ್ಟು ಹಾಕಿದ. ಸೆಳವು ಅವನ ತೋಳನ್ನು ಎಳೆಯಿತು. ಒಂದು ಸಲ ಹರಿಗೋಲು ಪೂರ್ತಿ ಸುತ್ತಿತು. ಮುದುಕಿ ಅಂಚು ಹಿಡಿಯಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಎರಡನೆಯ ಸುತ್ತಿಗೆ ಅವನ ಕೈ ಬಿಗಿಯಾಯಿತು. ದಡ ಸಿಕ್ಕಿತು.

ವೈದ್ಯರು ಬೈಯಲಿಲ್ಲ. ಎರಡನೆಯ ಗುಳಿಗೆ ಇಟ್ಟು, ಮೂರು ದಿನ ಹುಟ್ಟು ಮುಟ್ಟಬೇಡ ಎಂದರು. ಮೂರು ದಿನವೂ ಅವನು ಅಲ್ಲೇ ಇದ್ದು ಅವರೊಡನೆ ಕೂತು ಮಾತಾಡಿದ. ಮುದುಕಿ ಸೇತುವೆ ಸುತ್ತಿ ಹೋಗಿ ಹೆಂಡತಿಗೆ ಸುದ್ದಿ ಮುಟ್ಟಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಅಂಬಿಗ ಹರಿಗೋಲನ್ನು ಈಚೆ ದಡಕ್ಕೆ ತಂದ. ಸೇತುವೆ ಸುತ್ತಿ ಸುತ್ತಿ ಕಾಲು ನೋಯಿಸಿಕೊಂಡ ಜನ ಕಾದು ನಿಂತಿದ್ದರು. ಮೇಷ್ಟ್ರು ವಾಡಿಕೆಯಂತೆ ಬೆರಳು ಚಾಚಿದರು. ಅವನು ಅವರ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

“ಬೇಡ ಮೇಷ್ಟ್ರೇ. ಮೊದಲನೆಯದು ಯಾವತ್ತೋ ಕರಗಿಹೋಗಿತ್ತು. ಆಮೇಲೆ ಒಂಬತ್ತು ದಿನ ನೀವು ಮುಟ್ಟಿದ್ದು ಹುಣಸೆಬೀಜ. ನಿಮಗೆಲ್ಲ ಸುಳ್ಳು ಹೇಳಿದೆ, ತಪ್ಪಾಯಿತು. ಈಗ ಇನ್ನೊಂದು ಇಡಿಸಿಕೊಂಡು ಬಂದಿದ್ದೇನೆ. ಇದು ಕರಗಿದ ಮೇಲೆ ವೈದ್ಯರು ಹೇಳಿದರೆ ಮತ್ತೊಂದು ಇಡಿಸಿಕೊಳ್ತೇನೆ. ಹತ್ತುವವರು ಹತ್ತಿ. ಇನ್ನು ಹೊಟ್ಟೆ ಮುಟ್ಟಿಸಿಕೊಳ್ಳೋದಿಲ್ಲ.”

ಕಡವಿನಲ್ಲಿ ಗದ್ದಲವಾಯಿತು. ಕೆಲವರು ಬೈದರು. ಕೆಲವರು ಸೇತುವೆಯ ದಾರಿ ಹಿಡಿದರು. ಮೇಷ್ಟ್ರು ಮಾತ್ರ ನೊಂದುಕೊಂಡು ಕೇಳಿದರು.

“ಹಾಗಾದರೆ ನಿನ್ನ ಸ್ವಂತ ಬಲ ಅನ್ನೋದು ಏನೂ ಇಲ್ಲವೇನೋ? ನಿನ್ನನ್ನು ದಾಟಿಸ್ತಿರೋದು ಆ ಗುಳಿಗೆಯೇ?”

ಅಂಬಿಗ ಹರಿಗೋಲು ಜಾರದಂತೆ ದಡಕ್ಕೆ ಒತ್ತಿ ಹಿಡಿದು ನಿಂತ. ಮೇಷ್ಟ್ರು ಸೇತುವೆಯ ಕಡೆ ನೋಡಿದರು, ಬಿಸಿಲನ್ನು ನೋಡಿದರು. ಶಾಲೆಗೆ ಹೊತ್ತಾಗುತ್ತಿತ್ತು. ಪಂಚೆ ಎತ್ತಿಕಟ್ಟಿ ಒಳಗೆ ಕಾಲಿಟ್ಟರು. ಅಂಬಿಗ ತೋರಿಸಿದ ಜಾಗದಲ್ಲೇ ಕೂತರು. ಮುದುಕಿ ಮಡಿಕೆಗಳನ್ನು ಇಳಿಸಿಕೊಂಡು ಅವರ ಎದುರಿಗೆ ಕೂತಳು. ಹರಿಗೋಲು ಹೊರಟಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯನ ಮುಖ ಇನ್ನೂ ತಿಳಿಯಾಗಿರಲಿಲ್ಲ.

“ಮೇಷ್ಟ್ರು ಕೇಳಿದ್ದರಲ್ಲಿ ತಪ್ಪೇನಿದೆ ಗುರುಗಳೇ? ನಾನು ಕೇಳುತ್ತಿರುವುದೂ ಅದನ್ನೇ. ಆ ಅಂಬಿಗ ಏನಾದರೊಂದು ಉತ್ತರ ಕೊಡಬೇಕಿತ್ತು.”

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಕೇಳಿದರು:

“ಅವತ್ತು ಮೇಷ್ಟ್ರು ಹೊಳೆಯನ್ನು ಈಜಿ ದಾಟಿದರೇನಪ್ಪಾ?”

ಮರುಳಯ್ಯ ಎದ್ದು, ಅಣ್ಣನಿಗೆ ಉತ್ತರ ಬರೆಯಲು ಒಳಗೆ ಹೋದ.