ಹುಲಿಗೆಮ್ಮ ಮತ್ತು ಮೊಟ್ಟೆಯಿಡದ ಮೀನುಗಳು

ತುಂಗಭದ್ರೆಯ ಹಿನ್ನೀರಿನ ದಂಡೆಯ ಊರಲ್ಲಿ ಹುಲಿಗೆಮ್ಮ ಎಂಬ ಹೆಣ್ಣುಮಗಳು ಗಂಡ ಯಂಕೋಬನ ಜೊತೆ ಮೀನು ಸಾಕುತ್ತಿದ್ದಳು. ಅವರ ಕೊಳದಲ್ಲಿ ಮೊಳಕೈಯುದ್ದದ ರೋಹು ಮೀನುಗಳಿದ್ದವು. ದೂರದ ಹೊಳೆಯಿಂದ ಮರಿಗಳಾಗಿ ತಂದು ಬಿಟ್ಟಿದ್ದು. ಹಿಂಡಿ, ತವುಡು ಕಲಸಿ ಹಾಕಿ ಹುಲಿಗೆಮ್ಮನೇ ಬೆಳೆಸಿದ್ದು. ಆದರೆ ಒಂದು ಮಳೆಗಾಲದಲ್ಲೂ ಅವು ಮರಿ ಮಾಡಿರಲಿಲ್ಲ. ಪ್ರತಿ ವರ್ಷವೂ ದೂರದಿಂದ ಮರಿ ತರಿಸಬೇಕು. ಬರುವ ದಾರಿಯಲ್ಲೇ ಅರ್ಧಕ್ಕರ್ಧ ಸಾಯುತ್ತಿದ್ದವು.

"ಇವು ಬಂಜಿ ಮೀನು," ಎಂದ ಯಂಕೋಬ. "ಇನ್ನೆಷ್ಟು ದಿನ ಮೇವು ಹಾಕೋದು? ಎಲ್ಲಾನೂ ಹಿಡಿದು ಪ್ಯಾಟಿಗೆ ಹಾಕಿಬಿಡೋಣು."

ಬಂಜೆ ಎಂಬ ಮಾತು ಯಾರ ಮೇಲೆ ಬಿದ್ದರೂ ಹುಲಿಗೆಮ್ಮನಿಗೆ ಸೇರುತ್ತಿರಲಿಲ್ಲ. ಮಗಳು ಹುಟ್ಟುವ ತನಕ ಅತ್ತೆಮನೆಯಲ್ಲಿ ಅವಳೂ ಅದನ್ನು ಕೇಳಿಸಿಕೊಂಡವಳೇ.

ಮಳೆ ಶುರುವಾದ ಹೊಸತರಲ್ಲಿ ನೆಂಟರು ಬಂದರು. ಸಾರಿಗೆಂದು ಒಂದು ಹೆಣ್ಣು ಮೀನು ಹಿಡಿದರು. ಹುಲಿಗೆಮ್ಮ ಅದರ ಹೊಟ್ಟೆ ಸೀಳಿದಳು. ಒಳಗೆ ಎರಡು ಉದ್ದನೆಯ ಚೀಲ, ಚೀಲದ ತುಂಬ ಕಾಳುಕಾಳಾದ ಮೊಟ್ಟೆ.

"ಬಂಜಿ ಅಂದಿದ್ರಿ. ಇಲ್ಲಿ ನೋಡ್ರಿ," ಎಂದು ಗಂಡನನ್ನು ಕರೆದಳು.

ಯಂಕೋಬ ಬಗ್ಗಿ ನೋಡಿದ. "ಇಷ್ಟು ಮೊಟ್ಟಿ ಇಟಗೊಂಡು ಯಾಕ ಇಡಂಗಿಲ್ಲ ಹಂಗಾರ?"

ಅದೇ ಪ್ರಶ್ನೆ ಅವಳ ತಲೆ ಹೊಕ್ಕಿತು. ಸಾರು ಕುದಿಯುವಾಗಲೂ ಅದೇ, ನೆಂಟರಿಗೆ ಬಡಿಸುವಾಗಲೂ ಅದೇ. ಒಬ್ಬರು ದೃಷ್ಟಿ ತಾಗಿದೆ ಎಂದರು, ಇನ್ನೊಬ್ಬರು ನೀರು ಸವಳು ಎಂದರು. ಅವಳಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಮೀನುಮರಿ ಸಾಕಣೆ ಕೇಂದ್ರದಲ್ಲಿ ಬಹಳ ಕಾಲ ದುಡಿದು ನಿವೃತ್ತರಾದ ರಜಿಯಾ ಮೇಡಂ ಪಕ್ಕದ ಊರಲ್ಲಿದ್ದರು. ಅವರ ಮನೆಗೆ ಹೋಗಿ ಕೇಳಿದಳು.

ಮೇಡಂ ನೇರವಾಗಿ ಉತ್ತರ ಹೇಳಲಿಲ್ಲ. ಮಾರುಕಟ್ಟೆಯಿಂದ ಒಂದು ಬಲಿತ ಮೀನಿನ ತಲೆ ತರಿಸಿದರು. ಬುರುಡೆಯ ಮೇಲ್ಭಾಗ ತೆಗೆದು, ಚಿಮುಟದಿಂದ ಮಿದುಳನ್ನು ಮೆಲ್ಲಗೆ ಸರಿಸಿದರು. ಅದರ ಅಡಿಯ ಸಣ್ಣ ಗುಳಿಯಲ್ಲಿ ಸಾಸಿವೆಯಷ್ಟು ದಪ್ಪದ ಒಂದು ಬಿಳಿ ಕಾಳು ಕೂತಿತ್ತು.

"ಇದು ಏನ್ರಿ ಮೇಡಂ?"

"ಪಿಟ್ಯುಟರಿ ಗ್ರಂಥಿ ಅಂತಾರಮ್ಮ. ಹೊಳೆಗೆ ಹೊಸ ನೀರು ಬಂದಾಗ ಮೀನಿನ ಮಿದುಳು ಇದನ್ನು ಎಬ್ಬಿಸುತ್ತೆ. ಇದು ತನ್ನ ರಸವನ್ನ ರಕ್ತಕ್ಕೆ ಬಿಡುತ್ತೆ. ಆ ರಸವೇ ಹಾರ್ಮೋನು. ಬಲಿತು ಕಾದಿರೋ ಮೊಟ್ಟೆಗೆ ಅದೇ ಕರೆ. ನಿನ್ನ ಕೊಳದ ನೀರು ನಿಂತ ನೀರು. ಅಲ್ಲಿ ಕರೆಯೇ ಹುಟ್ಟೋದಿಲ್ಲ."

"ಹಂಗಾದ್ರ ಆ ಮೊಟ್ಟಿ ಏನಾಗ್ತಾವ?"

"ಮಳೆಗಾಲ ಕಳೆದರೆ ಮೈಯಲ್ಲೇ ಕರಗಿಹೋಗುತ್ತವೆ."

ಹುಲಿಗೆಮ್ಮ ಆ ಕಾಳನ್ನು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, "ಆ ಕರೆ ನಾವೇ ಕೊಟ್ರ?"

ಮೇಡಂ ನಕ್ಕರು. "ಮೀನು ಸಾಕುವವರು ಮಾಡೋದು ಅದನ್ನೇ. ಗ್ರಂಥಿಯ ರಸವನ್ನ ಸೂಜಿಯಲ್ಲಿ ಕೊಡ್ತಾರೆ. ಈಗ ಅಂಗಡಿಯಲ್ಲೂ ಅಂಥ ಔಷಧಿ ಸಿಗುತ್ತೆ. ಆದರೆ ಹೊಟ್ಟೆ ಮುಟ್ಟಿ ನೋಡದೆ ಸೂಜಿ ಹಿಡಿಯಬೇಡ. ಮೆತ್ತಗಿದ್ದರೆ ಮಾತ್ರ ಮೊಟ್ಟೆ ಬಲಿತಿರುತ್ತೆ."

ಒಂದು ಸಂಜೆ ಮೇಡಂ ಕೊಳಕ್ಕೆ ಬಂದರು. ಹೊಟ್ಟೆ ಉಬ್ಬಿ ಮೆತ್ತಗಿದ್ದ ಒಂದು ಹೆಣ್ಣನ್ನೂ ಎರಡು ಗಂಡುಗಳನ್ನೂ ಆರಿಸಿ, ಸೂಜಿ ಚುಚ್ಚುವುದನ್ನು ಹುಲಿಗೆಮ್ಮನಿಗೆ ಕಲಿಸಿದರು. ಮೀನುಗಳನ್ನು ನೀರಲ್ಲೇ ಇಳಿಬಿಟ್ಟ ಬಟ್ಟೆಯ ತೊಟ್ಟಿಗೆ ಬಿಟ್ಟರು. ಬೆಳಗ್ಗೆ ಹೋಗಿ ನೋಡಿದರೆ ತೊಟ್ಟಿಯ ತಳದ ತುಂಬ ಗಾಜಿನ ಮಣಿಗಳಂಥ ಮೊಟ್ಟೆ. ಹುಲಿಗೆಮ್ಮ ಬೊಗಸೆಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಸಂಜೆಗೆ ಆ ಮಣಿಗಳೊಳಗೆ ಏನೋ ಮಿಸುಕಿತು, ಮಾರನೆಯ ದಿನ ಮರಿಗಳು ಹೊರಬಂದವು.

ಕೊಳದಲ್ಲಿ ಇನ್ನೆರಡು ಹೆಣ್ಣು ಮೀನು ಉಳಿದಿದ್ದವು. ಮರಿಗಳನ್ನು ಕಂಡ ಮೇಲೆ ಯಂಕೋಬನಿಗೆ ತಡೆಯಲಾಗಲಿಲ್ಲ. "ಅವಕ್ಕೂ ಇವತ್ತೇ ಕೊಡು," ಎಂದ.

ಹುಲಿಗೆಮ್ಮ ದೊಡ್ಡ ಮೀನಿನ ಹೊಟ್ಟೆ ಮುಟ್ಟಿದಳು. ಗಟ್ಟಿಯಾಗಿತ್ತು. "ಇದು ಇನ್ನೂ ಆಗಿಲ್ಲ ಅನಸ್ತೈತಿ," ಎಂದಳು.

"ಹಂಗಾರ ಸ್ವಲ್ಪ ಹೆಚ್ಚಿಗಿ ಕೊಡು. ಆಗತೈತಿ."

ಬೇಡವೆಂದು ಅವಳ ಬೆರಳಿಗೆ ಗೊತ್ತಿತ್ತು. ಆದರೆ ಕೊಟ್ಟರೆ ಏನಾಗುತ್ತದೋ ನೋಡುವ ಕುತೂಹಲ ಅವಳಲ್ಲೂ ಇತ್ತು. ಔಷಧಿ ಹೆಚ್ಚು ತುಂಬಿ ಚುಚ್ಚಿದಳು. ಬೆಳಗ್ಗೆ ಒಂದು ಮೊಟ್ಟೆಯೂ ಇರಲಿಲ್ಲ. ಮೀನು ಮಗ್ಗುಲಾಗಿ ತೇಲುತ್ತ ಕಿವಿರು ಬಡಿಯುತ್ತಿತ್ತು. ಸೂರ್ಯ ನೆತ್ತಿಗೆ ಬರುವ ಮೊದಲೇ ಸತ್ತಿತು. ಕೈಯಾರೆ ಬೆಳೆಸಿದ ಮೀನು. ಹುಲಿಗೆಮ್ಮ ಅವತ್ತು ಉಣ್ಣಲಿಲ್ಲ.

ಮೇಡಂ ಬೈಯುತ್ತಾರೆಂದು ಹೆದರಿಕೊಂಡೇ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

ಮೇಡಂ ಬೈಯಲಿಲ್ಲ. "ಸೂಜಿಯೊಳಗೆ ಮೊಟ್ಟೆ ಇರೋದಿಲ್ಲಮ್ಮ," ಎಂದರು. "ಇರೋದು ಬರೀ ಕರೆ. ಒಳಗೆ ಸಿದ್ಧವಾಗಿದ್ದರೆ ಹೊರಗೆ ಬರುತ್ತೆ. ಸಿದ್ಧವಾಗದೆ ಇದ್ದರೆ ಎಷ್ಟು ಕೂಗಿದರೂ ಬರೋದು ನೋವೇ."

ಕೊನೆಯ ಮೀನಿನ ಹೊಟ್ಟೆಯೂ ಗಟ್ಟಿಯೇ ಇತ್ತು. ಹುಲಿಗೆಮ್ಮ ಅದಕ್ಕೆ ಬೇರೆ ತೊಟ್ಟಿ ಮಾಡಿ, ಒಳ್ಳೆಯ ಮೇವು ಹಾಕಿದಳು. ಆಗಾಗ ಹಿಡಿದು ಬೆರಳಿಂದ ಮೆಲ್ಲಗೆ ಒತ್ತಿ ನೋಡುವಳು, ಮತ್ತೆ ಬಿಡುವಳು. ಊರವರು ಮುಂಗಾರು ಮುಗಿಯಿತು ಎಂದರು. ಯಂಕೋಬ ಔಷಧಿಯ ಸೀಸೆ ಹಿಡಿದು ಬಂದು ನಿಂತ.

"ಇನ್ನೂ ಕಾಯಬೇಕೇನು?"

"ಕಾಯೋಣು. ತಪ್ಪಿದ್ರ ಒಂದು ವರ್ಷ ತಪ್ಪತೈತಿ. ಅದು ಸತ್ರ ಎಲ್ಲಾ ತಪ್ಪತೈತಿ."

ಯಂಕೋಬ ಸೀಸೆಯನ್ನು ಗೋಡೆಯ ಗೂಡಿನಲ್ಲಿಟ್ಟು ಬಂದ.

ಹಿಂಗಾರಿನ ಮೊದಲ ಮಳೆ ಬಿದ್ದ ವಾರ ಮೀನಿನ ಹೊಟ್ಟೆ ಅವಳ ಬೆರಳಿಗೆ ಮೆತ್ತಗೆ ಹತ್ತಿತು. ಅವಳು ಗಂಡನ ಕೈಯನ್ನೂ ಎಳೆದು ಮುಟ್ಟಿಸಿದಳು. ಅವನು ತಲೆಯಾಡಿಸಿದ. ಆ ಸಂಜೆ ಅದರ ತೊಟ್ಟಿಗೆ ಎರಡು ಗಂಡುಗಳನ್ನೂ ಬಿಟ್ಟು ಸೂಜಿ ಕೊಟ್ಟರು, ಮೊದಲ ಸಲದಷ್ಟೇ, ಹೆಚ್ಚಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ತೊಟ್ಟಿಯ ತುಂಬ ರೆಪ್ಪೆಗೂದಲಿನಂಥ ಮರಿಗಳು ಹೊರಳಾಡುತ್ತಿದ್ದವು. ಗಂಡ ಹೆಂಡತಿ ನೀರಿನ ಅಂಚಿಗೆ ಕೂತು, ನೆರಳು ಬೀಳದ ಹಾಗೆ ಸರಿದು, ಅವನ್ನು ನೋಡಿದರು.

ನೀತಿ: ಫಲ ಕಾಣಲಿಲ್ಲ ಎಂದು ಯಾರನ್ನೂ ಕೈಲಾಗದವರೆಂದು ತಳ್ಳಬೇಡಿ, ಒಳಗೆ ಏನಿದೆ ಎಂದು ಮೊದಲು ತಿಳಿಯಿರಿ. ಸಿದ್ಧವಾಗಿ ಕಾದಿರುವವರಿಗೆ ಒಂದು ಕರೆ ಸಾಕು. ಇನ್ನೂ ಸಿದ್ಧವಾಗದವರಿಗೆ ಬೇಕಾದದ್ದು ಒತ್ತಾಯವಲ್ಲ, ಆರೈಕೆ ಮತ್ತು ಸಮಯ.