ಹಾಲಮ್ಮನ ಪೊರಕೆ

“ಬಗ್ಗಿ ಗುಡಿಸಬೇಡಿ, ಸೊಂಟ ಹಿಡೀತದೆ.” ನನ್ನ ಹೆಂಡತಿ ಹಾಲಮ್ಮ ಸಾಯೋ ಮುಂಚೆ ನನಗೆ ಹೇಳಿದ ಕೊನೆಯ ಮಾತು ಅದು. ನಾನು ಕಾಲೇಜು ಗುಡಿಸೋನು. ನನ್ನ ಪೊರಕೆಗೆ ಉದ್ದ ಬಿದಿರುಕೋಲು ಕಟ್ಟಿಕೊಟ್ಟವಳೂ ಅವಳೇ.

ಕಾಲೇಜಿನ ಹುಡುಗರು ಗುಜರಿ ಸಾಮಾನಿನಿಂದ ಗುಡಿಸೋ ಬಂಡಿ ಮಾಡಿದರು. ಡಿಸೈನ್ ಪಾಠದ ಚಿದಾನಂದ ಸಾರ್ ನನ್ನನ್ನು ಕರೆದರು.

“ಇವತ್ತು ಹುಡುಗರ ಬಂಡಿಗೆ ಅಂಕ ಹಾಕೋಕೆ ಪರೀಕ್ಷಕರು ಬರ್ತಾರೆ. ಆ ಕೋಲಿನ ಪೊರಕೆ ಒಲೆಗೆ ಹಾಕು. ಬಂಡಿ ಚೆನ್ನಾಗಿದೆ ಅನ್ನು.”

ಪರೀಕ್ಷಕರು ಬಂದರು. ನಾನು ಕೈಮುಗಿದೆ.

“ಬಳಸೋರ ಕಷ್ಟ ತಾವೇ ಪಟ್ಟು ತಿಳೀಬೇಕು ಅಂತ ಸಾರೇ ಪಾಠ ಹೇಳ್ತಾರೆ. ಮೊದಲು ಅವರು ಗುಡಿಸಲಿ, ಆಮೇಲೆ ಬಂಡಿ ಹೇಗಿದೆ ಅಂತ ನಾನು ಹೇಳ್ತೀನಿ.”

ಪರೀಕ್ಷಕರು ಒಪ್ಪಿದರು. ಸಾರ್ ಬಂಡಿ ತಳ್ಳಿದರು. ಅದು ಮೆಟ್ಟಿಲ ಹತ್ತಿರ ನಿಂತೇಬಿಟ್ಟಿತು. ನಾನು ಗಿಡ್ಡ ಪೊರಕೆ ಕೊಟ್ಟೆ. ಹತ್ತನೇ ಮೆಟ್ಟಿಲಿಗೆ ಸಾರ್ ಸೊಂಟ ಹಿಡಿದುಕೊಂಡು “ಅಯ್ಯಪ್ಪಾ” ಅಂದರು. ಗೋಡೆಗೆ ಒರಗಿಸಿದ್ದ ಹಾಲಮ್ಮನ ಪೊರಕೆಗೆ ತಾವೇ ಕೈ ಹಾಕಿದರು. ನೆಟ್ಟಗೆ ನಿಂತು ಉಳಿದದ್ದೆಲ್ಲ ಗುಡಿಸಿದರು.

“ಈಗ ಒಲೆಗೆ ಹಾಕಲಾ ಸಾರ್?”

“ಸುಮ್ನಿರಯ್ಯಾ!” ಪೊರಕೆ ಮಾತ್ರ ಬಿಡಲಿಲ್ಲ.

ಪರೀಕ್ಷಕರು ಬಿದ್ದು ಬಿದ್ದು ನಕ್ಕರು. “ಇದನ್ನ ಯಾರು ಮಾಡಿದ್ದು?”

“ನನ್ನ ಹೆಂಡತಿ.”

“ನಮ್ಮ ಕಚೇರಿಗೂ ಇಂಥವು ಹನ್ನೆರಡು ಬೇಕು. ಹುಡುಗರೇ ಮಾಡಿ ಮಾರಲಿ.”

ಮರುದಿನ ಬೆಳಿಗ್ಗೆ ಹುಡುಗರನ್ನೂ ಚಿದಾನಂದ ಸಾರನ್ನೂ ನೆಲದ ಮೇಲೆ ಕೂರಿಸಿ, ಪೊರಕೆಗೆ ಕೋಲು ಕಟ್ಟೋ ಹಾಲಮ್ಮನ ಗಂಟು ಹಾಕೋದು ಹೇಳಿಕೊಟ್ಟೆ.