ಇಳಿಜಾರಿನ ಗರಿಕೆ

ತ್ರ್ಯಂಬಕ ಗುರುಗಳ ಪಾಠದ ಗುಡಿಸಲು ಹೊಳೆದಂಡೆಯ ದಿಬ್ಬದ ಮೇಲಿತ್ತು. ಮುಂದಿನ ಇಳಿಜಾರಿನಲ್ಲಿ ಮರವಿಲ್ಲ, ನೆರಳಿಲ್ಲ. ದಿನವಿಡೀ ಬಿಸಿಲು. ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಮಣ್ಣು ಜರಿದು ಹೊಳೆಪಾಲಾಗುತ್ತಿತ್ತು.

"ಇನ್ನೊಂದು ಸಲ ಜರಿದರೆ ಗುಡಿಸಲು ಉಳಿಯದು, ವಾಮನ. ನೆಲ ಹಿಡಿಯುವಂಥದ್ದೇನಾದರೂ ನೆಡು" ಎಂದರು ಗುರುಗಳು ಶಿಷ್ಯನಿಗೆ.

"ಯಾವುದನ್ನು ನೆಡಲಿ, ಗುರುಗಳೇ?"

"ನೀನಿಲ್ಲದಾಗಲೂ ಬದುಕುವಂಥದ್ದನ್ನು."

ತಾನು ಎಲ್ಲಿಗೆ ಹೋಗುತ್ತೇನೆ ಎಂದುಕೊಂಡ ವಾಮನ. ಗುರುಗಳ ಅಂಗಳ ಕಂಡವರು ಬೆರಗಾಗಬೇಕೆಂದು ದುಂಡುಮಲ್ಲಿಗೆ, ಸೇವಂತಿಗೆ ತಂದು ನೆಟ್ಟ.

ದಿನಾ ಬೆಳಗ್ಗೆ ಗಣಪತಿಗೆ ಗರಿಕೆ ಕೊಯ್ದು ತರುವನು. ಪೂಜೆ ಮುಗಿದದ್ದೇ ತಡ, ಹೂಗಿಡಗಳ ನಡುವೆ ಹಬ್ಬಿದ ಅದೇ ಗರಿಕೆಯನ್ನು ಬೇರುಸಹಿತ ಕಿತ್ತು ಗುಡಿಸಲಿನ ಗೋಡೆಯ ಬುಡಕ್ಕೆ ಎಸೆಯುವನು. ಆಮೇಲೆ ಬಿಂದಿಗೆ ಹೊತ್ತು ಹೊಳೆಗೆ. ಹೊಯ್ದ ನೀರು ಜಾರಿ ಮತ್ತೆ ಹೊಳೆಗೇ ಸೇರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಇವತ್ತೂ ಪಾಠಕ್ಕೆ ಬರಲಿಲ್ಲವಲ್ಲ?"

"ಗಿಡಗಳು ಬಾಡುತ್ತವೆ, ಗುರುಗಳೇ. ನಾಳೆ ಬರುತ್ತೇನೆ."

ಆ ನಾಳೆ ಬರಲೇ ಇಲ್ಲ. ಜೊತೆಯವರು ಪಾಠದಲ್ಲಿ ಬಹಳ ಮುಂದೆ ಹೋದರು. ಒಳಗಿನಿಂದ ಅವರ ದನಿ ಕೇಳಿಸಿದಾಗೆಲ್ಲ ವಾಮನನಿಗೆ ಅಳು ಬರುವಂತಾಗುತ್ತಿತ್ತು.

ಬೇಸಿಗೆಯ ಕೊನೆಗೆ ಗುರುಗಳು ಅವನನ್ನು ಆಚೆದಡದ ಮಠಕ್ಕೆ ಕಳಿಸಿದರು.

"ಮೊದಲ ಮಳೆ ಬಿದ್ದ ಮೇಲೆ ಬಾ."

"ಗಿಡಗಳಿಗೆ ನೀರು?"

"ಯಾರೂ ಹಾಕುವುದಿಲ್ಲ."

ಮಳೆ ಸುರಿದ ಮರುದಿನವೇ ವಾಮನ ಓಡೋಡಿ ಬಂದ. ಮಲ್ಲಿಗೆಯೂ ಇಲ್ಲ, ಸೇವಂತಿಗೆಯೂ ಇಲ್ಲ. ಒಣಗಿದ ಗಿಡಗಳೆಲ್ಲ ಮಣ್ಣಿನೊಂದಿಗೆ ಕೊಚ್ಚಿಹೋಗಿದ್ದವು. ತಟ್ಟನೆ ಗುಡಿಸಲ ಕಡೆ ನೋಡಿದ. ಗುಡಿಸಲು ಇತ್ತು. ಗೋಡೆಯ ಬುಡದಲ್ಲಿ ಒಂದು ಹಿಡಿ ಮಣ್ಣೂ ಕದಲಿರಲಿಲ್ಲ. ಅವನು ಕಿತ್ತೆಸೆದ ಗರಿಕೆ ಅಲ್ಲಿ ಗೆಣ್ಣುಗೆಣ್ಣಿಗೂ ಬೇರಿಳಿಸಿ ಹಬ್ಬಿಕೊಂಡಿತ್ತು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ತನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ವಾಮನ ನಾಚಿಕೊಂಡ. ಒಂದಿಷ್ಟು ಗರಿಕೆ ಬಿಡಿಸಿಕೊಂಡು ಒದ್ದೆ ನೆಲಕ್ಕೆ ಒತ್ತತೊಡಗಿದ. ಸಂಜೆಯ ಹೊತ್ತಿಗೆ ಇಳಿಜಾರಿನ ತುದಿ ಮುಟ್ಟಿದ.

ಅಭ್ಯಾಸಬಲ, ಕೈ ಬಿಂದಿಗೆಗೆ ಹೋಯಿತು.

"ಇದಕ್ಕೆ ದಿನಕ್ಕೆ ಎಷ್ಟು ನೀರು ಹಾಕಲಿ, ಗುರುಗಳೇ?"

ಗುರುಗಳು ಅವನ ಕೈಯಿಂದ ಬಿಂದಿಗೆ ತೆಗೆದುಕೊಂಡರು.

"ಇದನ್ನು ಅಡುಗೆಮನೆಗೆ ನಾನು ಕೊಟ್ಟು ಬರುತ್ತೇನೆ. ನೀನು ಹೋಗಿ ಪಾಠಕ್ಕೆ ಕೂತುಕೋ."